ಕುದುರೆ ಮೇಲೆ ಬಂದ ಮಂತ್ರಿ, ತಾಮ್ರದ ಗುಂಡು ಮತ್ತು ರಣಹದ್ದು

2017ರ ಮಾರ್ಚ್ 2ರಂದು ವಾಷಿಂಗ್ಟನ್‌ನಲ್ಲಿ ಒಂದು ಮಜವಾದ ದೃಶ್ಯ ಕಂಡಿತು. ಟ್ರಂಪ್ ಸರ್ಕಾರದ ಹೊಸ ಇಂಟೀರಿಯರ್ ಸೆಕ್ರೆಟರಿ ರಯಾನ್ ಝಿಂಕಿ ಕೌಬಾಯ್ ಟೋಪಿ ಹಾಕಿಕೊಂಡು, ಕುದುರೆ ಏರಿ ಮೊದಲ ದಿನದ ಕೆಲಸಕ್ಕೆ ಬಂದರು. ಇಂಟೀರಿಯರ್ ಅಂದ ತಕ್ಷಣ ನಮ್ಮ ಗೃಹ ಇಲಾಖೆ ಅಂದುಕೊಳ್ಳಬೇಡಿ, ಅಲ್ಲಿ ಅದು ಸರ್ಕಾರಿ ಭೂಮಿ, ನ್ಯಾಷನಲ್ ಪಾರ್ಕ್, ವನ್ಯಜೀವಿಗಳನ್ನು ನೋಡಿಕೊಳ್ಳುವ ಇಲಾಖೆ. ಫೋಟೋ ಎಲ್ಲ ಕಡೆ ಓಡಾಡಿತು, ಮೀಮ್‌ಗಳಾದವು. ಆ ಗದ್ದಲದಲ್ಲಿ, ಅದೇ ದಿನ ಕಚೇರಿಯೊಳಗೆ ಹೋಗಿ ಅವರು ಸಹಿ ಹಾಕಿದ ಕಾಗದದ ಬಗ್ಗೆ ಮಾತಾಡಿದವರು ಕಮ್ಮಿ. ಒಬಾಮ ಸರ್ಕಾರದ ಕೊನೆಯ ಪೂರ್ಣ ದಿನವಾದ 2017ರ ಜನವರಿ 19ರಂದು ಮೀನು ಮತ್ತು ವನ್ಯಜೀವಿ ಸೇವೆಯ ಮುಖ್ಯಸ್ಥ ಡ್ಯಾನ್ ಆಶ್ ಒಂದು ಆದೇಶ ಹೊರಡಿಸಿದ್ದರು: ಸೇವೆಯ ಅಧೀನದ ಜಮೀನುಗಳಲ್ಲಿ ಸೀಸದ ಗುಂಡು ಮತ್ತು ಸೀಸದ ಮೀನುಗಾರಿಕೆ ಸಾಮಾನುಗಳನ್ನು 2022ರ ಹೊತ್ತಿಗೆ ಹಂತಹಂತವಾಗಿ ನಿಲ್ಲಿಸಬೇಕು ಅಂತ. ಝಿಂಕಿ ಅದನ್ನು ರದ್ದು ಮಾಡಿದರು. ಆದೇಶದ ಆಯುಸ್ಸು ಆರು ವಾರ.

ಬಂದೂಕಿನೊಳಗೆ ಸೀಸ ಇರಬೇಕೋ ತಾಮ್ರ ಇರಬೇಕೋ ಅನ್ನೋದು ಒಬ್ಬ ಕೇಂದ್ರ ಮಂತ್ರಿಯ ಮೊದಲ ದಿನದ ಕೆಲಸ ಹೇಗಾಯಿತು? ನೋಡೋಕೆ ಇದು ಅಂಗಡಿ ಕೌಂಟರ್ ಮುಂದೆ ಇಬ್ಬರು ಶಿಕಾರಿಗಳು ಮಾಡುವ ವಾದ. ಜಿಂಕೆಗೆ ಯಾವ ಗುಂಡು, ಎಲ್ಕ್‌ಗೆ ಯಾವ ಗುಂಡು ಅಂತ. ಆದರೆ ಅದರೊಳಗೆ ವಿಜ್ಞಾನ ಇದೆ, ವರ್ಗ ಇದೆ, ಹಳ್ಳಿ-ಪಟ್ಟಣದ ಜಗಳ ಇದೆ, ಬಂದೂಕಿನ ಲಾಬಿ ಇದೆ. ನಮಗೂ ಗುರುತು ಸಿಗುವಂಥ ಒಂದು ರಣಹದ್ದೂ ಇದೆ.

ಗುಂಡು ಒಳಗೆ ಹೋದ ಮೇಲೆ ಏನಾಗುತ್ತೆ

ಮಲೆನಾಡಿನ ಅಜ್ಜಂದಿರು ಈಡಿನ ಕಥೆ ಹೇಳುವಾಗ ಚರೆ ಬೇರೆ, ಗುಂಡು ಬೇರೆ ಅಂತ ಬಿಡಿಸಿ ಹೇಳ್ತಿದ್ದರು. ಇಲ್ಲಿ ಮಾತು ಗುಂಡಿನದು, ಅದೂ ರೈಫಲ್ ಗುಂಡಿನದು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅದರ ರಚನೆ ಹೆಚ್ಚುಕಮ್ಮಿ ಒಂದೇ: ಒಳಗೆ ಸೀಸದ ತಿರುಳು, ಹೊರಗೆ ತಾಮ್ರದ ತೆಳು ಕವಚ. ಬೇಟೆಯ ಗುಂಡಿನ ಮೂತಿಯನ್ನು ಮೆತ್ತಗೆ ಬಿಟ್ಟಿರುತ್ತಾರೆ. ಮೈಗೆ ತಾಗಿದ ಕೂಡಲೇ ಅದು ಅಣಬೆಯ ಹಾಗೆ ಅಗಲವಾಗಬೇಕು, ಪ್ರಾಣಿ ಬೇಗ ಸಾಯಬೇಕು.

ಇಲ್ಲೊಂದು ವಿಚಿತ್ರ ಇದೆ. ಹೀಗೆ ಒಳಗೆ ಹೋಗಿ ಅರಳುವ ಗುಂಡಿಗೆ ಜಗತ್ತಿನಲ್ಲೆಲ್ಲ ಇರುವ ಹೆಸರು ಡಮ್‌ಡಮ್. ಕಲ್ಕತ್ತಾ ಪಕ್ಕದ ಡಮ್‌ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತಯಾರಿಸಿದ ಗುಂಡಿನಿಂದ ಬಂದದ್ದು. ಮನುಷ್ಯರ ಮೇಲೆ ಯುದ್ಧದಲ್ಲಿ ಇದು ಕ್ರೂರ ಅಂತ 1899ರ ಹೇಗ್ ಘೋಷಣೆ ನಿಷೇಧಿಸಿತು. ಜಿಂಕೆ ಬೇಟೆಗೆ ಮಾತ್ರ ಉಲ್ಟಾ: ಅರಳುವ ಗುಂಡನ್ನೇ ಬಳಸಬೇಕು ಅಂತ ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ನಿಯಮ ಹೇಳುತ್ತೆ. ಅರಳದ ಗುಂಡು ಸೂಜಿಯ ಹಾಗೆ ತೂರಿಕೊಂಡು ಹೋಗುತ್ತೆ, ಪ್ರಾಣಿ ಗಾಯಗೊಂಡು ಮೈಲುಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತೆ ಅನ್ನೋದು ಕಾರಣ.

ಸೀಸ ಮೆತ್ತಗಿನ ಲೋಹ. ಅರಳುವುದು ಅದರ ಗುಣ, ಚೂರಾಗುವುದೂ ಅದರ ಗುಣವೇ. ಸೆಕೆಂಡಿಗೆ ಎರಡೂವರೆ ಸಾವಿರ ಅಡಿ ವೇಗದಲ್ಲಿ ಬಂದು ಪಕ್ಕೆಲುಬಿಗೆ ಬಡಿದಾಗ ಸಾಮಾನ್ಯ ಸೀಸದ ಗುಂಡು ತನ್ನ ತೂಕದ ದೊಡ್ಡ ಪಾಲನ್ನು ಒಳಗೇ ಉದುರಿಸುತ್ತೆ. ಎಕ್ಸ್‌ರೇ ತೆಗೆದರೆ ಗುಂಡು ಹೋದ ದಾರಿಯ ಸುತ್ತ ಹಿಮ ಬಿದ್ದ ಹಾಗೆ ಬಿಳಿ ಚುಕ್ಕೆಗಳು. ಕೆಲವು ಚೂರು ಗಾಯದಿಂದ ಒಂದು ಅಡಿ ದೂರಕ್ಕೂ ಹೋಗಿರುತ್ತವೆ. ಕಣ್ಣಿಗೆ ಕಾಣಲ್ಲ, ಹಲ್ಲಿಗೂ ಸಿಗಲ್ಲ.

ತಾಮ್ರದ ಗುಂಡು ಪೂರ್ತಿ ಒಂದೇ ಲೋಹ. ಮೂತಿಯಲ್ಲಿ ಒಂದು ಸಣ್ಣ ಕುಳಿ. ಹೊಡೆತಕ್ಕೆ ಆ ಕುಳಿ ಬಿಚ್ಚಿಕೊಂಡು ನಾಲ್ಕು ದಳದ ಹೂವಿನ ಹಾಗೆ ಹಿಂದಕ್ಕೆ ಮಡಚಿಕೊಳ್ಳುತ್ತೆ, ತೂಕ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ. ಇದು ಪರಿಸರವಾದಿಗಳ ಆವಿಷ್ಕಾರ ಅಲ್ಲ. 1980ರ ದಶಕದಲ್ಲಿ ಯೂಟಾದ ಬಾರ್ನ್ಸ್ ಕಂಪನಿ ಇದನ್ನು ರೂಪಿಸಿದ್ದು ದೊಡ್ಡ ಪ್ರಾಣಿಗಳ ಮೂಳೆ ಒಡೆದು ಆಳಕ್ಕೆ ಹೋಗುವ ಗುಂಡು ಬೇಕು ಅಂತ. ಅದರ ಹಿಂದೆ ಇದ್ದದ್ದು ಕಾಂಡೋರ್ ಕಾಳಜಿಯಲ್ಲ. ಇವತ್ತು 'ತಾಮ್ರದ ಗುಂಡು ಎಡಪಂಥೀಯರ ಗುಂಡು' ಅಂತ ಗೇಲಿ ಮಾಡುವವರಿಗೆ ಈ ಚರಿತ್ರೆ ಮರೆತುಹೋಗಿದೆ.

22 ಹಕ್ಕಿಗಳು

ಕ್ಯಾಲಿಫೋರ್ನಿಯಾ ಕಾಂಡೋರ್ ಉತ್ತರ ಅಮೆರಿಕದ ಅತಿ ದೊಡ್ಡ ಹಾರುವ ಹಕ್ಕಿ. ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ. ಸತ್ತದ್ದನ್ನು ತಿಂದು ಬದುಕುವ ಜೀವ. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದದ್ದು 22. ಐದು ವರ್ಷದ ನಂತರ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ತಂದು ಮೃಗಾಲಯಗಳಲ್ಲಿ ಮರಿ ಮಾಡಿಸಿದರು. 1992ರಿಂದ ಮತ್ತೆ ಕಾಡಿಗೆ ಬಿಡಲು ಶುರುಮಾಡಿದರು. ಈಗ ಒಟ್ಟು 500 ದಾಟಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಕಾಶದಲ್ಲಿವೆ. ಸ್ಯಾನ್ ಹೋಸೆ ಕಡೆ ಕೆಲಸ ಮಾಡುವ ನಮ್ಮ ಹುಡುಗರು ವೀಕೆಂಡ್‌ನಲ್ಲಿ ಪಿನಕಲ್ಸ್ ಬೆಟ್ಟ ಹತ್ತಿದರೆ ರೆಕ್ಕೆಗೆ ನಂಬರ್ ಕಟ್ಟಿಸಿಕೊಂಡು ತೇಲುವ ಇವನ್ನು ನೋಡಬಹುದು.

ಆ ನಂಬರ್ ಯಾಕೆ ಅಂದ್ರೆ, ಒಂದೊಂದು ಹಕ್ಕಿಯನ್ನೂ ಆಗಾಗ ಹಿಡಿದು ರಕ್ತ ಪರೀಕ್ಷೆ ಮಾಡಬೇಕು. ಬೇಟೆಗಾರ ಜಿಂಕೆಯನ್ನು ಹೊಡೆದಲ್ಲೇ ಹೊಟ್ಟೆ ಬಗೆದು, ಕರುಳು ತೆಗೆದು ಅಲ್ಲೇ ಬಿಟ್ಟು, ಉಳಿದದ್ದನ್ನು ಹೊತ್ತುಕೊಂಡು ಹೋಗುತ್ತಾನೆ. ಆ ಕರುಳಿನ ರಾಶಿಯೇ ಕಾಂಡೋರ್‌ನ ಊಟ. ಸೀಸದ ಗುಂಡಿನಿಂದ ಸತ್ತ ಜಿಂಕೆಗಳ ಉಳಿಕೆಯನ್ನು ಪರೀಕ್ಷಿಸಿದ 2006ರ ಒಂದು ಅಧ್ಯಯನದಲ್ಲಿ ಕರುಳಿನ ರಾಶಿಗಳ ಪೈಕಿ ಶೇ. 90ರಲ್ಲಿ ಸೀಸದ ಚೂರುಗಳು ಸಿಕ್ಕವು. ಒಂದು ಹದ್ದನ್ನು ಮುಗಿಸಲು ಅಕ್ಕಿ ಕಾಳಿನಷ್ಟು ಸೀಸ ಸಾಕು. ಜೀರ್ಣಾಂಗ ಕೆಲಸ ನಿಲ್ಲಿಸುತ್ತೆ. ಹೊಟ್ಟೆ ತುಂಬ ಆಹಾರ ಇಟ್ಟುಕೊಂಡೇ ಹಕ್ಕಿ ಹಸಿವಿನಿಂದ ಸಾಯುತ್ತೆ. ಕಾಡಿನ ಕಾಂಡೋರ್‌ಗಳ ಸಾವಿಗೆ ಕಾರಣ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲಿರುವುದು ಸೀಸ.

ಕಾಂಡೋರ್ ಅಪರೂಪದ ಹಕ್ಕಿ, ಅದೊಂದು ವಿಶೇಷ ಪ್ರಕರಣ ಅಂತ ಕೆಲವರು ವಾದಿಸ್ತಾರೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಆ ವಾದಕ್ಕೆ ಜಾಗ ಉಳಿಸಲಿಲ್ಲ. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದಾಗ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ದೀರ್ಘಕಾಲದ ಸೀಸದ ವಿಷ ಕಂಡಿತು. ಅಮೆರಿಕದ ಲಾಂಛನದಲ್ಲಿರುವ ಬಾಲ್ಡ್ ಈಗಲ್‌ನ ಸಂಖ್ಯೆ ಬೆಳೆಯುವ ವೇಗವನ್ನು ಸೀಸ ವರ್ಷಕ್ಕೆ ಶೇ. 3.8ರಷ್ಟು ತಗ್ಗಿಸುತ್ತಿದೆ ಅನ್ನೋದು ಅದರ ಲೆಕ್ಕ. ದೇಶಭಕ್ತಿಯ ಟೀಶರ್ಟ್ ಮೇಲೆ ಅದೇ ಹದ್ದನ್ನು ಮುದ್ರಿಸಿಕೊಂಡವರೇ ಸೀಸದ ಪರ ಬೀದಿಗಿಳಿಯುವುದನ್ನು ನೋಡಿದರೆ ನಮ್ಮ ಕಡೆಯ ಕೆಲವು ಭಕ್ತಿಗಳು ನೆನಪಾಗ್ತವೆ.

ತಟ್ಟೆಗೆ ಬಂದ ಸೀಸ

ಹಕ್ಕಿ ಬಿಡಿ, ಮನುಷ್ಯರ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಬೇಟೆಯ ಮಾಂಸ ಮಾರುವಂತಿಲ್ಲ, ಆದರೆ ದಾನ ಮಾಡಬಹುದು. ಬಡವರಿಗೆ ಆಹಾರ ಹಂಚುವ ಕೇಂದ್ರಗಳಿಗೆ ಬೇಟೆಗಾರರು ಜಿಂಕೆ ಮಾಂಸ ಕೊಡುವ ಒಳ್ಳೆಯ ರೂಢಿ ಇದೆ. 2008ರಲ್ಲಿ ಉತ್ತರ ಡಕೋಟದಲ್ಲಿ ಒಬ್ಬ ವೈದ್ಯರು ಇಂಥ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿದಾಗ ಬಹಳಷ್ಟರಲ್ಲಿ ಲೋಹದ ಚೂರು ಕಂಡವು. ದಾನದ ಜಿಂಕೆ ಮಾಂಸವನ್ನು ಬಳಸಬೇಡಿ ಅಂತ ರಾಜ್ಯ ಹೇಳಿತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ 30 ಜಿಂಕೆಗಳ 234 ಕೈಮಾ ಪೊಟ್ಟಣಗಳನ್ನು ನೋಡಿತು. ಶೇ. 32 ಪೊಟ್ಟಣಗಳಲ್ಲಿ ಲೋಹದ ಚೂರು, ಜಿಂಕೆಗಳ ಲೆಕ್ಕದಲ್ಲಿ ಶೇ. 80.

ಇಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಉತ್ತರ ಡಕೋಟದಲ್ಲಿ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಏಳುನೂರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿತು. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ಹೆಚ್ಚಿತ್ತು ನಿಜ, ಆದರೆ ವ್ಯತ್ಯಾಸ ಸಣ್ಣದು: ಡೆಸಿಲೀಟರಿಗೆ ಸುಮಾರು 0.3 ಮೈಕ್ರೋಗ್ರಾಂ. ಆಗ ಅಪಾಯದ ಗೆರೆ ಅಂತ ಇದ್ದ 10ನ್ನು ಯಾರೂ ದಾಟಿರಲಿಲ್ಲ. ಬಂದೂಕು ಉದ್ಯಮ ಇದನ್ನೇ ಹಿಡಿದುಕೊಂಡು 'ನೋಡಿ, ಏನೂ ಇಲ್ಲ' ಅಂತ ಸಾರಿತು. ಆಮೇಲೆ ಏನಾಯಿತು ಅನ್ನೋದನ್ನು ಮಾತ್ರ ಅದು ಹೇಳಲ್ಲ. ಸಿಡಿಸಿ ಮಕ್ಕಳ ಗೆರೆಯನ್ನು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಮಕ್ಕಳಿಗೆ ಸುರಕ್ಷಿತ ಅನ್ನುವ ಸೀಸದ ಪ್ರಮಾಣವೇ ಇಲ್ಲ ಅನ್ನೋದು ಇವತ್ತಿನ ವೈದ್ಯಕೀಯ ಒಮ್ಮತ. ವರ್ಷವಿಡೀ ಫ್ರೀಝರ್‌ನಲ್ಲಿಟ್ಟ ಜಿಂಕೆ ಮಾಂಸವನ್ನೇ ನಂಬಿಕೊಂಡ ಬಡ ಕುಟುಂಬದ ಮಗು, ಗರ್ಭಿಣಿ, ಇವರ ಪಾಲಿಗೆ ಆ ಸಣ್ಣ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ಯಾವ ಗುಂಡು?

ಬೇಟೆ ಬೇಕೋ ಬೇಡವೋ ಅನ್ನೋ ಚರ್ಚೆಯನ್ನು ಇಲ್ಲಿ ಪಕ್ಕಕ್ಕಿಡ್ತೀನಿ. ನಮ್ಮಲ್ಲಿ 1972ರ ಕಾಯ್ದೆ ಆ ಬಾಗಿಲು ಮುಚ್ಚಿದೆ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆಯೇ ಹೊರತು ಕಾಡುಪ್ರಾಣಿ ಹೊಡೆಯಲು ಇಲ್ಲ. ಅಮೆರಿಕದಲ್ಲಿ ಹಾಗಲ್ಲ, ತೋಳ-ಪ್ಯೂಮಾ ಕಮ್ಮಿಯಾದ ಕಡೆ ಜಿಂಕೆಯ ಸಂಖ್ಯೆಯನ್ನು ಬೇಟೆಯ ಪರ್ಮಿಟ್ ಮೂಲಕವೇ ನಿಭಾಯಿಸುತ್ತಾರೆ. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್ ಮತ್ತು ಗುಂಡಿನ ಮೇಲಿನ ಶೇ. 11 ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತೆ. ಹಾಗಾಗಿ 'ಕಾಡು ಉಳಿಸಿದ್ದು ನಮ್ಮ ದುಡ್ಡು' ಅಂತ ಬೇಟೆಗಾರ ಹೇಳುವುದು ಬರೀ ಬಡಾಯಿಯಲ್ಲ.

ಆ ಬೇಟೆಗಾರನ ಜಾಗದಲ್ಲಿ ನಿಂತು ನೋಡಿ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು ಸುಮಾರು 9. ಅಂದರೆ ಅದೇ ತೂಕದ ತಾಮ್ರದ ಗುಂಡು ಉದ್ದವಾಗಿರುತ್ತೆ. ಉದ್ದದ ಗುಂಡು ನೆಟ್ಟಗೆ ಹಾರಬೇಕಾದರೆ ಬೇಗ ತಿರುಗಬೇಕು, ನಳಿಗೆಯೊಳಗಿನ ಗೀರುಗಳ ತಿರುವು ಅದಕ್ಕೆ ಹೊಂದಬೇಕು. ಹಳೆಯ ಬಂದೂಕಿಗೆ ಎಷ್ಟೋ ಸಲ ಹೊಂದಲ್ಲ. ಅನುಭವಿಗಳ ದಾರಿ ಸರಳ: ತೂಕ ಒಂದು ಮೆಟ್ಟಿಲು ಇಳಿಸು. ಸೀಸದಲ್ಲಿ 180 ಗ್ರೇನ್ ಬಳಸುತ್ತಿದ್ದವ ತಾಮ್ರದಲ್ಲಿ 165 ಅಥವಾ 150ಕ್ಕೆ ಬರಲಿ. ಗುಂಡು ತೂಕ ಕಳೆದುಕೊಳ್ಳದ ಕಾರಣ ಆಳಕ್ಕೆ ಹೋಗುವುದು ಕಮ್ಮಿಯಾಗಲ್ಲ, ಹಗುರಾದ್ದರಿಂದ ವೇಗ ಸಿಗುತ್ತೆ.

ತಾಮ್ರಕ್ಕೆ ಆ ವೇಗವೇ ಪ್ರಾಣ. ಗಟ್ಟಿ ಲೋಹ, ಅರಳಬೇಕಾದರೆ ತಾಗುವ ಹೊತ್ತಿಗೆ ಸೆಕೆಂಡಿಗೆ ಸುಮಾರು 1,800ರಿಂದ 2,000 ಅಡಿ ವೇಗ ಉಳಿದಿರಬೇಕು. .308 ರೈಫಲ್‌ನಲ್ಲಿ ಇದು 350-400 ಗಜದವರೆಗೆ ಸಿಗುತ್ತೆ. ಅದರಾಚೆ ತಾಮ್ರ ಸೂಜಿಯ ಹಾಗೆ ತೂರಿ ಹೋಗುವ ಅಪಾಯ. ಜಿಂಕೆ 60-90 ಕಿಲೋ ಪ್ರಾಣಿ. ಅದಕ್ಕೆ .243ನಲ್ಲಿ 80-85 ಗ್ರೇನ್, .308ನಲ್ಲಿ 130-150 ಸಾಕು. ಎಲ್ಕ್ ಬೇರೆ ಲೆಕ್ಕ. ನಮ್ಮ ಕಡವೆಗಿಂತ ದೊಡ್ಡದು, ಕಾಶ್ಮೀರದ ಹಂಗುಲ್‌ನ ಹತ್ತಿರದ ನೆಂಟ, ಗಂಡು 300 ಕಿಲೋ ದಾಟುತ್ತೆ. ದಪ್ಪ ಚರ್ಮ, ದಪ್ಪ ಭುಜದ ಮೂಳೆ. ಇಲ್ಲಿ ತಾಮ್ರ ನಿಜವಾಗಿ ಸೀಸಕ್ಕಿಂತ ಮೇಲು, ಯಾಕಂದ್ರೆ ಮೂಳೆ ಒಡೆದ ಮೇಲೂ ಅದು ಒಂದೇ ತುಂಡಾಗಿ ಮುಂದೆ ಹೋಗುತ್ತೆ. .30-06ನಲ್ಲಿ 165ರಿಂದ 180 ಗ್ರೇನ್ ತಾಮ್ರ ಇಟ್ಟುಕೊಂಡು ಭುಜಕ್ಕೆ ಗುರಿ ಇಡುವವರ ಎಲ್ಕ್ ದೂರ ಓಡಲ್ಲ.

ಪಕ್ಕೆಲುಬಿನ ಹಿಂದೆ ಮೆತ್ತನೆ ಜಾಗಕ್ಕೆ ಹೊಡೆದರೆ ತಾಮ್ರದ ಗಾಯ ಸೀಸದಷ್ಟು ಅಗಲ ಇರಲ್ಲ. ಜಿಂಕೆ ಐವತ್ತು ಹೆಜ್ಜೆ ಓಡಬಹುದು. 'ತಾಮ್ರ ಕೊಲ್ಲಲ್ಲ' ಅಂತ ಹೇಳುವವರ ಅನುಭವದ ಬಹುಪಾಲು ಹುಟ್ಟಿದ್ದು ಇಲ್ಲೇ ಅನ್ನಿಸುತ್ತೆ: ಹಳೇ ತೂಕ, ಹಳೇ ಗುರಿ, ಹೊಸ ಲೋಹ. ಮೇಲಿಂದ, ಒಂದೊಂದು ನಳಿಗೆಗೆ ಒಂದೊಂದು ಕಂಪನಿಯ ಗುಂಡು ಒಗ್ಗುತ್ತೆ. ಎರಡು-ಮೂರು ಬಗೆ ತಂದು, ನಳಿಗೆಯ ಹಳೇ ಕಿಲುಬು ತೊಳೆದು, ಗುರಿ ಮತ್ತೆ ಹೊಂದಿಸಬೇಕು. ಅಂದರೆ ಹತ್ತಾರು ಗುಂಡು, ಒಂದು ದಿನ, ಒಂದಿಷ್ಟು ಡಾಲರ್. ಐದುನೂರು-ಆರುನೂರು ಗಜದಿಂದ ಎಲ್ಕ್ ಹೊಡೆದು ಯೂಟ್ಯೂಬ್‌ಗೆ ಹಾಕುವ ಫ್ಯಾಷನ್‌ಗೂ ತಾಮ್ರಕ್ಕೂ ಆಗಿಬರಲ್ಲ. ಅದು ತಾಮ್ರದ ದೋಷ ಅಂತ ನನಗನ್ನಿಸಲ್ಲ. ಮರಸು ಕೂತು, ಗಾಳಿ ನೋಡಿ, ಹತ್ತಿರ ಹೋಗುವುದನ್ನೇ ಬೇಟೆ ಅಂತ ಕರೆಯುತ್ತಿದ್ದರು.

ಅನುಮಾನಕ್ಕೂ ಕಾರಣ ಇತ್ತು

ಕ್ಯಾಲಿಫೋರ್ನಿಯಾ ಎರಡು ಹೆಜ್ಜೆಯಲ್ಲಿ ನಿಷೇಧ ತಂತು. 2007ರಲ್ಲಿ ಗವರ್ನರ್ ಶ್ವಾರ್ಜ್‌ನೆಗರ್ — ಸಿನಿಮಾದಲ್ಲಿ ಅವರಷ್ಟು ಗುಂಡು ಹಾರಿಸಿದವರು ಕಮ್ಮಿ — ಕಾಂಡೋರ್ ಇರುವ ಪ್ರದೇಶಕ್ಕೆ ಮಾತ್ರ ಅನ್ವಯಿಸುವ ಕಾನೂನಿಗೆ ಸಹಿ ಹಾಕಿದರು. 2013ರಲ್ಲಿ ಜೆರ್ರಿ ಬ್ರೌನ್ ಇಡೀ ರಾಜ್ಯಕ್ಕೆ ವಿಸ್ತರಿಸಿದರು. 2019ರ ಜುಲೈ 1ರಿಂದ ಅಲ್ಲಿ ಯಾವುದೇ ಬೇಟೆಗೆ ಸೀಸ ಬಳಸುವಂತಿಲ್ಲ. ಶೂಟಿಂಗ್ ರೇಂಜ್‌ನಲ್ಲಿ ಅಭ್ಯಾಸಕ್ಕೆ ಬಳಸಬಹುದು.

ಕಾನೂನು ಸರಿ. ಆದರೆ ಅದೇ 2019ರ ಜುಲೈ 1ರಂದು ಅದೇ ರಾಜ್ಯದಲ್ಲಿ ಇನ್ನೊಂದು ನಿಯಮವೂ ಜಾರಿಗೆ ಬಂತು: ಗುಂಡು ಕೊಳ್ಳಲು ಪ್ರತಿ ಸಲ ಹಿನ್ನೆಲೆ ತಪಾಸಣೆ. ಆನ್‌ಲೈನ್‌ನಲ್ಲಿ ಕೊಂಡರೂ ಪರವಾನಗಿ ಇರುವ ಅಂಗಡಿ ಮೂಲಕವೇ ಪಡೆಯಬೇಕು. ಬಂದೂಕು ಹಿಂಸೆಯ ದೇಶದಲ್ಲಿ ಅದು ಸಮರ್ಥನೀಯ ನಿಯಮವೇ ಇರಬಹುದು. ಆದರೆ ಉತ್ತರದ ಒಂದು ಸಣ್ಣ ಊರಿನ, ಅಜ್ಜನ .30-30 ಬಂದೂಕು ಇಟ್ಟುಕೊಂಡ ಮನುಷ್ಯನಿಗೆ ಕಂಡದ್ದೇನು? ಊರಿನ ಅಂಗಡಿಯಲ್ಲಿ ತನ್ನ ಬಂದೂಕಿಗೆ ತಾಮ್ರದ ಗುಂಡಿಲ್ಲ, ಸಿಕ್ಕರೆ ಡಬ್ಬಿಗೆ ಹತ್ತಿಪ್ಪತ್ತು ಡಾಲರ್ ಹೆಚ್ಚು, ನೇರವಾಗಿ ಮನೆಗೆ ತರಿಸುವಂತಿಲ್ಲ. ಮುಂದಿನ ವರ್ಷ ಕೋವಿಡ್ ಬಂದು ದೇಶದಲ್ಲೆಲ್ಲ ಗುಂಡಿಗೇ ಬರ. 2024ರ ಜುಲೈನಿಂದ ರಾಜ್ಯದ ಹೊಸ ಶೇ. 11 ತೆರಿಗೆ ಬೇರೆ. 'ಹಕ್ಕಿ ನೆಪ ಅಷ್ಟೇ, ಇವರಿಗೆ ಬೇಕಿರೋದು ನಮ್ಮ ಬಂದೂಕು' ಅಂತ ಅವನಿಗೆ ಅನ್ನಿಸಿದರೆ ಅವನನ್ನು ಮೂರ್ಖ ಅನ್ನಲಾಗದು.

ಇನ್ನೊಂದು ನಿಜವಾದ ತೊಡಕು .22. ಮೊಲ, ಹೆಗ್ಗಣದಂಥ ಅಳಿಲುಗಳನ್ನು ಹೊಡೆಯುವ ಈ ಪುಟ್ಟ ಗುಂಡಿಗೆ ಸೀಸ ಹೇಳಿಮಾಡಿಸಿದಂತಿದೆ, ಬೇರೆ ಲೋಹದಲ್ಲಿ ನಿಖರತೆ ಬರೋದು ಕಷ್ಟ. ಹುಡುಗರು ಬೇಟೆ ಕಲಿಯುವುದೇ ಈ ಬಂದೂಕಿನಲ್ಲಿ. ದೊಡ್ಡ ರೈಫಲ್‌ಗೆ ಒಳ್ಳೆ ಪರ್ಯಾಯ ಇದ್ದ ಹಾಗೆ ಇದಕ್ಕಿಲ್ಲ. ಎರಡನ್ನೂ ಒಂದೇ ದಿನ, ಒಂದೇ ಕೋಲಿನಿಂದ ಹೊಡೆದದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಈ ಅಸಮಾಧಾನಕ್ಕೆ ಭಾಷೆ ಕೊಟ್ಟದ್ದು ಲಾಬಿ. ಉದ್ಯಮ ಸಂಘಟನೆ ಸೀಸದ ಗುಂಡಿಗೆ ಇಟ್ಟ ಹೆಸರು ಗಮನಿಸಿ: 'ಸಾಂಪ್ರದಾಯಿಕ ಗುಂಡು'. ವಿಷಕ್ಕೆ ಪರಂಪರೆಯ ಶಾಲು ಹೊದಿಸುವ ಈ ತಂತ್ರ ನಮಗೇನೂ ಹೊಸದಲ್ಲ. 1976ರ ವಿಷವಸ್ತು ನಿಯಂತ್ರಣ ಕಾಯ್ದೆಯಲ್ಲೇ ಗುಂಡಿಗೆ ವಿನಾಯಿತಿ ಬರೆಸಿಕೊಂಡಿದ್ದಾರೆ. ಪೆಟ್ರೋಲಿನ ಸೀಸ, ಬಣ್ಣದ ಸೀಸ, ನಲ್ಲಿ ಪೈಪಿನ ಸೀಸವನ್ನೆಲ್ಲ ಹಿಡಿದ ದೇಶ ಗುಂಡಿನ ಸೀಸವನ್ನು ಮುಟ್ಟಲಾರದೆ ನಿಂತಿದ್ದಕ್ಕೆ ಇದೂ ಒಂದು ಕಾರಣ. 2010ರಲ್ಲಿ ಪರಿಸರ ಸಂಘಟನೆಗಳು ಅರ್ಜಿ ಹಾಕಿದಾಗ ಒಬಾಮ ಕಾಲದ ಪರಿಸರ ಸಂಸ್ಥೆಯೇ 'ನಮಗೆ ಅಧಿಕಾರವಿಲ್ಲ' ಅಂದಿತ್ತು.

ಶೇ. 90 ಸಾಕಾ?

ಅರಿಜೋನ ಬೇರೆ ದಾರಿ ಹಿಡಿಯಿತು. ಅದು ಬಂದೂಕು ಪ್ರೀತಿಯ ರಾಜ್ಯ, ಅಲ್ಲಿ ನಿಷೇಧದ ಮಾತೆತ್ತಿದರೆ ಚುನಾವಣೆ ಸೋತಂತೆ. 2005ರಿಂದ ವನ್ಯಜೀವಿ ಇಲಾಖೆ ಕಾಂಡೋರ್ ಹಾರಾಡುವ ಕೈಬಾಬ್ ಪ್ರಸ್ಥಭೂಮಿಯ ಪರ್ಮಿಟ್ ಸಿಕ್ಕವರಿಗೆ ಸೀಸವಿಲ್ಲದ ಗುಂಡನ್ನು ಪುಕ್ಕಟೆ ಕೊಡತೊಡಗಿತು. ಸೀಸದಲ್ಲೇ ಹೊಡೆದವನು ಕರುಳಿನ ರಾಶಿಯನ್ನು ಹೊತ್ತು ತಂದರೆ ಅದಕ್ಕೂ ಬಹುಮಾನದ ಲಾಟರಿ. ಕಾನೂನಿಲ್ಲ, ದಂಡ ಇಲ್ಲ. ಹೆಚ್ಚಿನ ವರ್ಷಗಳಲ್ಲಿ ಶೇ. 80-90 ಬೇಟೆಗಾರರು ಕೈಜೋಡಿಸಿದರು. ಗೌರವ ಕೊಟ್ಟು ಕೇಳಿದರೆ ಜನ ಕೇಳ್ತಾರೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮನವೊಲಿಕೆಯೇ ದಾರಿ, ನಿಷೇಧ ಬೇಡ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ 2012ರಲ್ಲಿ ಬಂದ ಒಂದು ಸಂಶೋಧನೆಯ ಲೆಕ್ಕ ನೋಡಿ. ಕಾಂಡೋರ್ ವರ್ಷಕ್ಕೆ ಎಷ್ಟೋ ಹೆಣಗಳನ್ನು ತಿನ್ನುತ್ತೆ, ಅರವತ್ತು ವರ್ಷದವರೆಗೂ ಬದುಕಬಲ್ಲದು. ಅದರ ಆಹಾರದ ಹೆಣಗಳಲ್ಲಿ ಬರೀ ಶೇ. 0.5ರಲ್ಲಿ ಸೀಸ ಇದ್ದರೂ ಹತ್ತು ವರ್ಷದೊಳಗೆ ಒಂದೊಂದು ಹಕ್ಕಿಗೂ ವಿಷ ತಾಗುವ ಸಾಧ್ಯತೆ ಶೇ. 85ರಿಂದ 98. ನೂರಕ್ಕೆ ಹತ್ತು ಜನ ಕೈಜೋಡಿಸದಿದ್ದರೆ ಸಾಕು, ಲಾಟರಿಯಲ್ಲಿ ಹಕ್ಕಿ ಸೋಲುತ್ತೆ. ಅದೇ ತಂಡದ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ವರ್ಷ ಸರಾಸರಿ ಐದರಲ್ಲಿ ಒಂದು ಕಾಡು ಕಾಂಡೋರ್ ರಕ್ತದಲ್ಲಿ ಚಿಕಿತ್ಸೆ ಬೇಕಾಗುವಷ್ಟು ಸೀಸ.

ನಿಷೇಧ ಕೆಲಸ ಮಾಡಿತಾ? ಅರ್ಧ ಮಾಡಿತು. 2008ರ ಮೊದಲ ನಿಷೇಧದ ಮರುವರ್ಷವೇ ಕ್ಯಾಲಿಫೋರ್ನಿಯಾದ ಟರ್ಕಿ ವಲ್ಚರ್ ಮತ್ತು ಗೋಲ್ಡನ್ ಈಗಲ್‌ಗಳ ರಕ್ತದಲ್ಲಿ ಸೀಸ ಇಳಿಯಿತು. ಕಾಂಡೋರ್‌ಗಳಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಕಾರಣ ಮತ್ತೆ ಅದೇ 0.5ರ ಲೆಕ್ಕ. ಕಳ್ಳಬೇಟೆ, ರ‍್ಯಾಂಚ್‌ನಲ್ಲಿ ದನ ಕೊಲ್ಲಲು ಬಳಸುವ ಗುಂಡು, ಹಳೇ ಡಬ್ಬಿ ಖಾಲಿಯಾಗಲಿ ಅನ್ನುವ ಜುಗ್ಗತನ, ಇವೆಲ್ಲ ಉಳಿದೇ ಇವೆ. ಸ್ವಯಂಪ್ರೇರಣೆ ಶೇ. 90ಕ್ಕೆ ತಂದು ನಿಲ್ಲಿಸುತ್ತೆ. ಬರೀ ಕಾನೂನು ಅಂಗಡಿಯಲ್ಲಿ ಮಾಲೇ ಇಲ್ಲದ ಊರಿನಲ್ಲಿ ಕಾಗದವಾಗಿ ಉಳಿಯುತ್ತೆ. ಎರಡೂ ಬೇಕು, ಆದರೆ ಗುಂಡು ಮೊದಲು ಕಪಾಟಿಗೆ ಬರಬೇಕು, ಆಮೇಲೆ ನಿಷೇಧ ಗೆಜೆಟ್‌ಗೆ. ಡೆನ್ಮಾರ್ಕ್ ಮಾಡಿದ್ದು ಇದನ್ನೇ. 1996ರಲ್ಲೇ ಸೀಸದ ಚರೆ ನಿಲ್ಲಿಸಿ, ಬೇಟೆಗಾರರ ಸಂಘವನ್ನು ಜೊತೆಗೆ ಕೂರಿಸಿಕೊಂಡು, ದಶಕಗಟ್ಟಲೆ ಕಾದು 2024ರ ಏಪ್ರಿಲ್‌ನಿಂದ ರೈಫಲ್‌ಗೂ ಸೀಸ ಬೇಡ ಅಂದಿತು.

ರಾಮನಗರದ ಬಂಡೆ ಮೇಲಿಂದ

ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಓದಬೇಕು ಅಂತ ಕೇಳಬಹುದು. ಅರಿಜೋನದಲ್ಲಿ ಕಾಂಡೋರ್‌ಗಳನ್ನು ಸಾಕಿ ಬಿಡುವ ಸಂಸ್ಥೆಯ ಹೆಸರು ಪೆರಿಗ್ರಿನ್ ಫಂಡ್. 2004ರಲ್ಲಿ ನಮ್ಮ ಉಪಖಂಡದ ರಣಹದ್ದುಗಳು ಯಾಕೆ ಸಾಯ್ತಿವೆ ಅಂತ ಪಾಕಿಸ್ತಾನದಲ್ಲಿ ಪತ್ತೆ ಹಚ್ಚಿದ ತಂಡವೂ ಅದೇ ಸಂಸ್ಥೆಯದು. ಅಲ್ಲಿ ಸೀಸ, ಇಲ್ಲಿ ಡೈಕ್ಲೋಫೆನಾಕ್, ದನಕ್ಕೆ ಕೊಡುವ ನೋವಿನ ಚುಚ್ಚುಮದ್ದು. ಎರಡರಲ್ಲೂ ವಿಷ ಇರೋದು ಸತ್ತ ಪ್ರಾಣಿಯ ಮೈಯಲ್ಲಿ, ಸಾಯೋದು ಅದನ್ನು ತಿಂದು ಊರು ಚೊಕ್ಕಟ ಮಾಡುವ ಹಕ್ಕಿ. 1992ರಿಂದ 2007ರೊಳಗೆ ನಮ್ಮ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು ಕುಸಿಯಿತು. ಹಕ್ಕಿ ಹೋದ ಜಾಗಕ್ಕೆ ಬೀದಿನಾಯಿ ಬಂತು, ಕೊಳೆತ ಹೆಣ ನೀರಿಗೆ ಸೇರಿತು. 2000ದಿಂದ 2005ರೊಳಗೆ ಇದರಿಂದ ಸುಮಾರು ಐದು ಲಕ್ಷ ಹೆಚ್ಚುವರಿ ಮನುಷ್ಯ ಸಾವುಗಳಾದವು ಅಂತ 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು.

ಭಾರತ 2006ರಲ್ಲಿ ಪಶುವೈದ್ಯಕ್ಕೆ ಡೈಕ್ಲೋಫೆನಾಕ್ ನಿಷೇಧಿಸಿತು. ಮೆಲಾಕ್ಸಿಕಾಂ ಅನ್ನುವ ಪರ್ಯಾಯ ಸಿದ್ಧವಿತ್ತು, ಆದರೆ ಆಗ ದುಬಾರಿ. ಮನುಷ್ಯರಿಗೆ ಅಂತ ಮಾರುವ ದೊಡ್ಡ ಬಾಟಲಿಯನ್ನೇ ದನಕ್ಕೂ ಚುಚ್ಚುವುದು ನಡೆಯುತ್ತಲೇ ಇತ್ತು. 2015ರಲ್ಲಿ ಬಾಟಲಿಯ ಗಾತ್ರವನ್ನು 3 ಮಿಲಿಲೀಟರಿಗೆ ಇಳಿಸಿದ ಮೇಲೆ ಆ ದಾರಿ ಕಿರಿದಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧದ ಪಟ್ಟಿಗೆ ಬಂದವು. ಹದಿನೇಳು ವರ್ಷ ಹಿಡಿಯಿತು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದ್ದೇವೆ, ಬಂಡೆ ಮೇಲೆ ಕಾಣುವ ಹಕ್ಕಿಗಳು ಬೆರಳೆಣಿಕೆಯಷ್ಟು.

ವ್ಯತ್ಯಾಸ ಒಂದಿದೆ. ನಮ್ಮಲ್ಲಿ ಡೈಕ್ಲೋಫೆನಾಕ್ ಯಾರ ಅಸ್ಮಿತೆಯೂ ಆಗಿರಲಿಲ್ಲ. 'ನಮ್ಮಜ್ಜ ಡೈಕ್ಲೋಫೆನಾಕ್ ಚುಚ್ಚುತ್ತಿದ್ದ, ನಾನೂ ಚುಚ್ತೀನಿ' ಅಂತ ಯಾವ ರೈತನೂ ಬೀದಿಗಿಳಿಯಲಿಲ್ಲ. ಅಗ್ಗದ ಪರ್ಯಾಯ ಸಿಕ್ಕ ಕಡೆ ರೈತ ಬದಲಾದ. ಅಮೆರಿಕದಲ್ಲಿ ಪರ್ಯಾಯ ಸಿಕ್ಕ ಮೇಲೂ ಜಗಳ ಮುಗಿಯದಿರಲು ಕಾರಣ ಗುಂಡು ಅಲ್ಲಿ ಸಾಮಾನಾಗಿ ಉಳಿದಿಲ್ಲ, ಮತದಾರನ ಗುರುತಿನ ಚೀಟಿಯಾಗಿದೆ. ಒಬ್ಬ ಬೇಟೆಗಾರ ವರ್ಷಕ್ಕೆ ಜಿಂಕೆ, ಎಲ್ಕ್ ಮೇಲೆ ಹಾರಿಸುವುದು ಎರಡೋ ಮೂರೋ ಗುಂಡು. ಪರ್ಮಿಟ್, ಪೆಟ್ರೋಲ್, ಮಾಂಸ ಕತ್ತರಿಸುವವನ ಕೂಲಿಯ ಮುಂದೆ ತಾಮ್ರದ ಹೆಚ್ಚುವರಿ ಬೆಲೆ ಒಂದು ಊಟದ ಖರ್ಚು. ಆದರೂ 2024ರಲ್ಲಿ ಅಮೆರಿಕದ ಕೆಳಮನೆ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು: ಆಯಾ ಜಾಗದ್ದೇ ಪುರಾವೆ ಇಲ್ಲದೆ ಫೆಡರಲ್ ಭೂಮಿಯಲ್ಲಿ ಸೀಸವನ್ನು ನಿಷೇಧಿಸುವಂತಿಲ್ಲ ಅಂತ. ಹಕ್ಕಿ ಒಂದು ದಿನಕ್ಕೆ ನೂರಾರು ಕಿಲೋಮೀಟರ್ ಹಾರುತ್ತೆ. ಯಾವ ಜಾಗದಲ್ಲಿ ತಿಂದ ಸೀಸ ಅಂತ ಅದು ಅಫಿಡವಿಟ್ ಕೊಡಲ್ಲ.

ಉತ್ತರ ಕ್ಯಾಲಿಫೋರ್ನಿಯಾದ ಯೂರೋಕ್ ಆದಿವಾಸಿಗಳು ಈ ಜಗಳದಲ್ಲಿ ಮೂರನೇ ಪಕ್ಷ. ಅವರು ಬೇಟೆಗಾರರೂ ಹೌದು, ಕಾಂಡೋರ್ ಅವರಿಗೆ ಪೂಜ್ಯವೂ ಹೌದು. ವರ್ಷಗಟ್ಟಲೆ ತಮ್ಮ ಮತ್ತು ಅಕ್ಕಪಕ್ಕದ ಬೇಟೆಗಾರರ ಜೊತೆ ಕೂತು, ತಾಮ್ರದ ಗುಂಡನ್ನು ಹಾರಿಸಿ ತೋರಿಸಿ, ಒಪ್ಪಿಸಿ, 2022ರ ಮೇನಲ್ಲಿ ರೆಡ್‌ವುಡ್ ಕಾಡಿನ ಮೇಲೆ ಹಕ್ಕಿಗಳನ್ನು ಬಿಟ್ಟರು. ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಆ ಆಕಾಶದಲ್ಲಿ ಕಾಂಡೋರ್ ಕಂಡಿತು. 2025ರ ಆರಂಭದಲ್ಲಿ ಆ ಗುಂಪಿನ ಎಳೆಯ ಹಕ್ಕಿಯೊಂದು ಸತ್ತು ಸಿಕ್ಕಿತು. ಕಾರಣ ಸೀಸ. ಉಳಿದವನ್ನು ಈಗಲೂ ಸರದಿಯ ಮೇಲೆ ಹಿಡಿದು, ರಕ್ತ ತೆಗೆದು, ಮತ್ತೆ ಹಾರಿಬಿಡ್ತಿದ್ದಾರೆ.